ನಾಯಿ, ಬೆಕ್ಕು ಎರಡನ್ನೂ ಕರೆದುಕೊಂಡು ಜರ್ಮನಿಗೆ: ಮೂರು ತಿಂಗಳು ಸಾಕಾ?

ಎರಡುಬಾಲ:

ಎಲ್ಲರಿಗೂ ನಮಸ್ಕಾರ. ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ, ಇನ್ನು ಮೂರು ತಿಂಗಳಲ್ಲಿ ಸೇರಬೇಕು. ನಾನು, ಹೆಂಡತಿ, ಒಂದು ನಾಯಿ, ಒಂದು ಬೆಕ್ಕು, ಇಷ್ಟು ನಮ್ಮ ಸಂಸಾರ. ನಾಯಿಗೆ ಎಂಟು ವರ್ಷ, 24 ಕಿಲೋ, ಮಿಶ್ರ ತಳಿ, ಅದರಪ್ಪ ಯಾರು ಅಂತ ಯಾರಿಗೂ ಗೊತ್ತಿಲ್ಲ. ಬೆಕ್ಕು ಪರ್ಷಿಯನ್, ಚಪ್ಪಟೆ ಮುಖದ್ದು. ಮನೆಯಿಂದ ಹೊರಗೆ ಹೋಗುವುದು ಡಾಕ್ಟರ ಹತ್ತಿರ ಮಾತ್ರ, ಅದೂ ಇಡೀ ಬೀದಿಗೆ ಕೇಳುವ ಹಾಗೆ ಕೂಗಿಕೊಂಡು.

ಎರಡಕ್ಕೂ ವರ್ಷ ವರ್ಷ ರೇಬೀಸ್ ಇಂಜೆಕ್ಷನ್ ಹಾಕಿಸಿದ್ದೇವೆ, ಕಾರ್ಡ್ ಇದೆ. ಗುರುತಿಗೆ ಚರ್ಮದ ಕೆಳಗೆ ಹಾಕುತ್ತಾರಲ್ಲ, ಆ ಚಿಪ್ ಇಲ್ಲ. ನಾವು ಈಗ ಇರುವ ದೇಶ ಯುರೋಪಿನವರ ಪಟ್ಟಿಯಲ್ಲಿ ಇಲ್ಲವಂತೆ, ಅದರಿಂದ ಏನು ವ್ಯತ್ಯಾಸ ಆಗುತ್ತದೆ ಅಂತ ಸರಿಯಾಗಿ ಹೇಳುವವರು ಸಿಕ್ಕಿಲ್ಲ. ಒಬ್ಬರು "ಲಸಿಕೆ ಕಾರ್ಡ್ ತೋರಿಸಿದರೆ ಸಾಕು" ಅಂದರು, ಇನ್ನೊಬ್ಬರು "ಆರು ತಿಂಗಳು ಅಲ್ಲಿ ಕೂಡಿ ಹಾಕುತ್ತಾರೆ" ಅಂದರು. ಮೂರನೆಯವರು ನಿದ್ದೆ ಮಾತ್ರೆ ಕೊಟ್ಟು ಲಗೇಜ್ ಜೊತೆ ಹಾಕಿಬಿಡಿ, ಏಳುವಷ್ಟರಲ್ಲಿ ಜರ್ಮನಿ ಅಂದರು. ಇದನ್ನು ಕೇಳಿದ ಮೇಲೆ ನನಗೇ ನಿದ್ದೆ ಬರುತ್ತಿಲ್ಲ.

ನನ್ನ ಪ್ರಶ್ನೆಗಳು: ಮೊದಲು ಮಾಡಬೇಕಾದ್ದು ಏನು? ವಿಮಾನದ ಕೆಳಗಿನ ಭಾಗದಲ್ಲಿ ನಾಯಿ ನಿಜವಾಗಿಯೂ ಸುರಕ್ಷಿತವಾ? ಏಜೆಂಟ್ ಬೇಕಾ, ನಾವೇ ಮಾಡಿಕೊಳ್ಳಬಹುದಾ? "ನಾಯಿಗೆ ವಯಸ್ಸಾಯಿತು, ಬಿಟ್ಟು ಹೋಗಿ" ಅಂತ ಮನೆಯಲ್ಲೇ ಕೆಲವರು ಹೇಳುತ್ತಿದ್ದಾರೆ. ಅದಕ್ಕೂ ಉತ್ತರ ಬೇಕು.

ಮೀಸೆಬೆಕ್ಕು:

ಕೆಟ್ಟ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಮೂರು ತಿಂಗಳು ಸಾಲುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ದೇಶದಿಂದ, ಅಂದರೆ ರೇಬೀಸ್ ಹಿಡಿತದಲ್ಲಿದೆ ಅಂತ ಯುರೋಪಿನವರು ಒಪ್ಪದ ದೇಶದಿಂದ, ಹೊರಡುವವರಿಗೆ ಕಡಿಮೆ ಅಂದರೂ ನಾಲ್ಕು ತಿಂಗಳು ಬೇಕು, ಅದೂ ಒಂದು ತಾರೀಕೂ ಆಚೀಚೆ ಆಗದೆ ಇದ್ದರೆ.

ಲೆಕ್ಕ ಹೀಗಿದೆ. ಮೊದಲು ಚಿಪ್. ಐಎಸ್ಒ ಅನ್ನುವ ಅಂತರರಾಷ್ಟ್ರೀಯ ದರ್ಜೆಯದು, 15 ಅಂಕಿಯ ನಂಬರ್ ಇರುವಂಥದ್ದು. ಚಿಪ್ ಹಾಕಿದ ದಿನವೇ ಅಥವಾ ಅದಾದ ಮೇಲೆ ರೇಬೀಸ್ ಲಸಿಕೆ. ಲಸಿಕೆ ಹಾಕಿಸಿ ಕನಿಷ್ಠ 30 ದಿನ ಆದ ಮೇಲೆ ರಕ್ತ ತೆಗೆದು, ಯುರೋಪಿಯನ್ ಯೂನಿಯನ್ ಒಪ್ಪಿದ ಲ್ಯಾಬ್‌ಗೆ ಕಳಿಸಬೇಕು. ಅದನ್ನೇ ಎಲ್ಲರೂ ಟೈಟರ್ ಟೆಸ್ಟ್ ಅನ್ನುವುದು. ರಕ್ತದಲ್ಲಿ ರೇಬೀಸ್ ವಿರುದ್ಧ ಹೋರಾಡುವ ಅಂಶ, ಅಂದರೆ ಆ್ಯಂಟಿಬಾಡಿ, ಪ್ರತಿ ಮಿಲಿಲೀಟರ್‌ಗೆ 0.5 ಐಯು (ಅದನ್ನು ಅಳೆಯುವ ಅಂತರರಾಷ್ಟ್ರೀಯ ಮಾನ) ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಪಾಸಾದರೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ರಿಪೋರ್ಟ್ ಬಂದ ದಿನದಿಂದ ಅಲ್ಲ, ರಕ್ತ ತೆಗೆದ ದಿನದಿಂದ. ಇಲ್ಲಿ ತುಂಬಾ ಜನ ಗೊಂದಲ ಮಾಡಿಕೊಂಡು ಸುಮ್ನೆ ವಾರಗಟ್ಟಲೆ ಜಾಸ್ತಿ ಕಾಯುತ್ತಾರೆ.

ಪಾಸಾದ ಮೇಲೂ ಯಾಕೆ ಕಾಯಿಸುತ್ತಾರೆ ಅಂತ ಕೇಳಬಹುದು. ರೇಬೀಸ್ ಮೈಯೊಳಗೆ ಸೇರಿ ಲಕ್ಷಣ ತೋರಿಸುವುದಕ್ಕೆ ವಾರಗಳು, ಕೆಲವು ಸಲ ತಿಂಗಳುಗಳೇ ಹಿಡಿಯುತ್ತವೆ. ಲಸಿಕೆ ಹಾಕುವ ಮೊದಲೇ ಸೋಂಕು ತಗುಲಿದ್ದರೆ, ಅದು ಈ ಕಾಯುವ ಅವಧಿಯಲ್ಲಿ ಬಯಲಾಗುತ್ತದೆ ಅನ್ನುವುದು ಲೆಕ್ಕಾಚಾರ. ಹಾಗಾಗಿ ದುಡ್ಡು ಕೊಟ್ಟರೂ, ಗೋಗರೆದರೂ ಆ ಮೂರು ತಿಂಗಳು ಕರಗುವುದಿಲ್ಲ.

ಒಂದು ಸಮಾಧಾನ ಇದೆ. ಯುರೋಪಿನ ಮಟ್ಟಿಗೆ ಒಮ್ಮೆ ಪಾಸಾದ ಟೈಟರ್ ರಿಪೋರ್ಟ್ ಜೀವನಪೂರ್ತಿ ನಡೆಯುತ್ತದೆ. ಷರತ್ತು ಒಂದೇ, ಬೂಸ್ಟರ್ ಲಸಿಕೆ ಹಿಂದಿನದರ ಅವಧಿ ಮುಗಿಯುವ ಮೊದಲೇ ಬೀಳಬೇಕು. ಒಂದೇ ಒಂದು ದಿನ ತಪ್ಪಿದರೂ ಮತ್ತೆ ಮೊದಲಿಂದ ಶುರು. ಇನ್ನು "ಆರು ತಿಂಗಳು ಕೂಡಿ ಹಾಕುತ್ತಾರೆ" ಅಂದವರು ಬೇರೆ ಯಾವುದೋ ದೇಶದ ಕಥೆ ಕೇಳಿರಬೇಕು. ಕಾಗದ ಸರಿ ಇದ್ದರೆ ಜರ್ಮನಿಯಲ್ಲಿ ಕ್ವಾರಂಟೈನ್ ಇಲ್ಲ, ನಾಯಿ ನಿಮ್ಮ ಜೊತೆಯೇ ಹೊರಗೆ ಬರುತ್ತದೆ.

ಇವತ್ತೇ ಚಿಪ್ ಹಾಕಿಸಿ. ಟಿಕೆಟ್, ಕ್ರೇಟ್ (ನಾಯಿಯನ್ನು ಕೂರಿಸಿ ಕಳಿಸುವ ಪೆಟ್ಟಿಗೆ), ಏಜೆಂಟ್ ಎಲ್ಲಾ ಆಮೇಲೆ. ರಕ್ತ ತೆಗೆಯುವ ತಾರೀಕು ಒಂದು ಗಟ್ಟಿಯಾದರೆ ಉಳಿದದ್ದನ್ನೆಲ್ಲ ಅದರ ಸುತ್ತ ಜೋಡಿಸಬಹುದು.

ಸ್ಟೆತಸ್ಕೋಪ್:

ನಾನು ಪ್ರಾಣಿಗಳ ಕ್ಲಿನಿಕ್‌ನಲ್ಲಿ ಕೆಲಸ ಮಾಡುವವಳು. ಮೀಸೆಬೆಕ್ಕು ಹೇಳಿದ ಕ್ರಮ ಸರಿಯಾಗಿದೆ. ನಾನು ನಿದ್ದೆ ಮಾತ್ರೆ ವಿಷಯಕ್ಕೆ ಬರುತ್ತೇನೆ.

ದಯವಿಟ್ಟು ಕೊಡಬೇಡಿ. ಇಂಥ ಔಷಧಿ ಕೊಟ್ಟಾಗ ರಕ್ತದೊತ್ತಡ ಇಳಿಯುತ್ತದೆ, ಮೈಯ ಬಿಸಿ ಹಿಡಿತದಲ್ಲಿ ಇಟ್ಟುಕೊಳ್ಳುವ ಶಕ್ತಿ ಕಡಿಮೆಯಾಗುತ್ತದೆ, ವಿಮಾನ ಅಲುಗಾಡಿದಾಗ ಕಾಲೂರಿ ನಿಲ್ಲಲು ಆಗುವುದಿಲ್ಲ. ಮನೆಯಲ್ಲಾದರೆ ಪಕ್ಕದಲ್ಲಿ ಕೂತು ನೋಡಿಕೊಳ್ಳಬಹುದು, ಹಾರುತ್ತಿರುವಾಗ ಕೆಳಗೆ ಯಾರಿದ್ದಾರೆ? ಮಂಪರಿನಲ್ಲಿರುವ ಪ್ರಾಣಿಯನ್ನು ಕೌಂಟರ್‌ನಲ್ಲೇ ಬೇಡ ಅನ್ನುವ ವಿಮಾನ ಕಂಪನಿಗಳೇ ಜಾಸ್ತಿ. ತುಂಬಾ ಹೆದರುವ ಬೆಕ್ಕುಗಳಿಗೆ ಕೆಲವು ಡಾಕ್ಟರು ಗಾಬರಿ ಇಳಿಸಲು ಗ್ಯಾಬಾಪೆಂಟಿನ್ ಅನ್ನುವ ಔಷಧಿ ಬರೆದುಕೊಡುವುದು ಉಂಟು, ಅದು ಬೇರೆ ವಿಷಯ. ಅದನ್ನೂ ಪ್ರಾಣಿಯನ್ನು ಪರೀಕ್ಷೆ ಮಾಡಿದ ಡಾಕ್ಟರೇ ಹೇಳಬೇಕು, ಮೊದಲೇ ಒಮ್ಮೆ ಮನೆಯಲ್ಲಿ ಕೊಟ್ಟು ನೋಡಿರಬೇಕು, ವಿಮಾನ ಕಂಪನಿಗೂ ಗೊತ್ತಿರಬೇಕು.

ಕೆಳಗಿನ ಭಾಗದ ಬಗ್ಗೆ: ಅಲ್ಲಿ ಗಾಳಿ ಇರುವುದಿಲ್ಲ, ಹಿಮದ ಹಾಗೆ ಇರುತ್ತದೆ ಅನ್ನುವುದು ತಪ್ಪು ನಂಬಿಕೆ. ಪ್ರಾಣಿಗಳನ್ನು ಇಡುವ ಜಾಗದಲ್ಲಿ ಗಾಳಿಯ ಒತ್ತಡ ಮೇಲೆ ಕೂತವರಿಗೆ ಇರುವಷ್ಟೇ ಇರುತ್ತದೆ, ಉಷ್ಣತೆಯನ್ನೂ ಹಿಡಿತದಲ್ಲಿ ಇಡುತ್ತಾರೆ. ಕತ್ತಲೆ ಮತ್ತು ಸದ್ದು ಇರುತ್ತದೆ, ನಿಜ. ನನಗೆ ಭಯ ಆಕಾಶದ್ದಲ್ಲ, ನೆಲದ್ದು. ವಿಮಾನಕ್ಕೆ ಏರಿಸುವ ಮೊದಲು, ಇಳಿಸಿದ ಮೇಲೆ, ಬಿಸಿಲಲ್ಲಿ ಕಾಯುವ ಆ ಹೊತ್ತು. ಸುಮಾರು 29 ಡಿಗ್ರಿಗಿಂತ ಜಾಸ್ತಿ ಬಿಸಿ ಇದ್ದರೆ ಪ್ರಾಣಿಗಳನ್ನು ಹತ್ತಿಸಿಕೊಳ್ಳದ ಕಂಪನಿಗಳಿವೆ. ಹಾಗಾಗಿ ರಾತ್ರಿ ಅಥವಾ ಬೆಳಗಿನ ಜಾವದ ವಿಮಾನ ನೋಡಿ, ಆದಷ್ಟು ನೇರವಾಗಿ ಹೋಗುವುದನ್ನೇ ಹಿಡಿಯಿರಿ. ನಡುವೆ ವಿಮಾನ ಬದಲಿಸಬೇಕಾಗಿ ಬಂದರೆ ಆ ದೇಶದ ನಿಯಮವನ್ನೂ ಓದಬೇಕಾಗುತ್ತದೆ.

ನಿಮ್ಮ ನಾಯಿಗಿಂತ ನನಗೆ ಬೆಕ್ಕಿನದೇ ಚಿಂತೆ. ಪರ್ಷಿಯನ್, ಪಗ್, ಬುಲ್‌ಡಾಗ್ ಈ ಚಪ್ಪಟೆ ಮುಖದವಕ್ಕೆ ಮೂಗಿನ ದಾರಿ ಕಿರಿದು. ಬಿಸಿ ಅಥವಾ ಗಾಬರಿ ಆದಾಗ ಉಸಿರಾಟ ಸಾಲುವುದಿಲ್ಲ. ಅಂಥ ತಳಿಗಳನ್ನು ಕೆಳಗೆ ಹಾಕಿಕೊಳ್ಳುವುದೇ ಇಲ್ಲ ಅನ್ನುವ ಕಂಪನಿಗಳು ತುಂಬಾ ಇವೆ. ಬೆಕ್ಕನ್ನು ಕ್ಯಾಬಿನ್‌ನಲ್ಲಿ ನಿಮ್ಮ ಕಾಲ ಬಳಿಯೇ ತೆಗೆದುಕೊಂಡು ಹೋಗಿ. ಬ್ಯಾಗ್ ಸೇರಿ 8 ಕಿಲೋ ಒಳಗೆ ಅನ್ನುವುದು ತುಂಬಾ ಕಡೆ ಇರುವ ಮಿತಿ. ಒಂದು ವಿಮಾನದಲ್ಲಿ ಇಷ್ಟೇ ಪ್ರಾಣಿ ಅಂತ ಲೆಕ್ಕ ಇರುವುದರಿಂದ ನಿಮ್ಮ ಟಿಕೆಟ್ ತೆಗೆಯುವ ಮೊದಲೇ ಫೋನ್ ಮಾಡಿ ಬೆಕ್ಕಿನ ಜಾಗ ಖಚಿತ ಮಾಡಿಕೊಳ್ಳಬೇಕು.

ಇನ್ನೊಂದು ಮಾತು. ಭದ್ರತಾ ತಪಾಸಣೆಯಲ್ಲಿ ಬ್ಯಾಗ್ ಮಾತ್ರ ಎಕ್ಸ್‌ರೇ ಒಳಗೆ ಹೋಗುತ್ತದೆ, ಬೆಕ್ಕನ್ನು ಹೊರಗೆ ತೆಗೆದು ಎತ್ತಿಕೊಂಡು ನಡೆಯಬೇಕು. ನಿಮ್ಮ ಬೆಕ್ಕಿನ ವರ್ಣನೆ ಓದಿದರೆ ಅದು ಅಲ್ಲಿ ಸುಮ್ಮನಿರುವಂಥದ್ದಲ್ಲ. ಮೈಗೆ ಹಾರ್ನೆಸ್ (ಎದೆಪಟ್ಟಿ) ಹಾಕಿ, ಅದರ ಹಗ್ಗ ಕೈಗೆ ಸುತ್ತಿಕೊಂಡಿರಿ. ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತಪಾಸಣೆ ಮಾಡಿ ಅಂತ ಕೇಳಬಹುದು, ತುಂಬಾ ಕಡೆ ಒಪ್ಪುತ್ತಾರೆ.

ಹಳೇಚಪ್ಪಲಿ:

ಎಲ್ಲರೂ ಹೇಗೆ ಕರೆದುಕೊಂಡು ಹೋಗುವುದು ಅಂತ ಹೇಳುತ್ತಿದ್ದೀರಿ, ಕರೆದುಕೊಂಡು ಹೋಗಬೇಕಾ ಅಂತ ಯಾರೂ ಕೇಳುತ್ತಿಲ್ಲ. ಎಂಟು ವರ್ಷದ ದೊಡ್ಡ ನಾಯಿ. ಅದರ ಬೀದಿ, ಅದರ ಗೆಳೆಯರು, ಅದರ ಬಿಸಿಲು ಎಲ್ಲಾ ಇಲ್ಲೇ. ಅಲ್ಲಿ ಮೂರನೇ ಮಹಡಿಯ ಫ್ಲಾಟ್, ಇಬ್ಬರೂ ಕೆಲಸಕ್ಕೆ ಹೋದರೆ ಹಗಲೆಲ್ಲಾ ಒಂಟಿ. ನಮಗೆ ಅದನ್ನು ಬಿಟ್ಟಿರಲು ಆಗದು ಅಂತ ಅದಕ್ಕೆ ಇಷ್ಟು ಹಿಂಸೆ ಕೊಡುವುದು ಪ್ರೀತಿಯಾ? ನಮ್ಮ ನಾಯಿಯನ್ನು ತಂಗಿಯ ಮನೆಯಲ್ಲಿ ಬಿಟ್ಟೆವು. ಅದು ಅವಳನ್ನು ಮರಿಯಿಂದ ಬಲ್ಲದು. ಚೆನ್ನಾಗಿದೆ. ವೀಡಿಯೋ ಕಾಲ್‌ನಲ್ಲಿ ನಮ್ಮ ಮುಖ ನೋಡಿ ಆಕಳಿಸುತ್ತದೆ.

ಮೀಸೆಬೆಕ್ಕು:

ಹಳೇಚಪ್ಪಲಿ ಸರ್, ನಿಮ್ಮ ತಂಗಿಯಂಥವರು ಇದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಎಲ್ಲರಿಗೂ ಅಂಥ ಮನೆ ಸಿಗುವುದಿಲ್ಲ ಅಲ್ವಾ? "ಯಾರಾದರೂ ನೋಡಿಕೊಳ್ಳುತ್ತಾರೆ" ಅಂತ ಬಿಟ್ಟು ಹೋದ ನಾಯಿಗಳು ಆರು ತಿಂಗಳಲ್ಲಿ ಮೂರು ಮನೆ ಬದಲಿಸಿದ್ದನ್ನು ನೋಡಿದ್ದೇನೆ. ಅದಕ್ಕಿಂತ ಒಂದು ರಾತ್ರಿಯ ಪ್ರಯಾಣ ವಾಸಿ. ನಾಯಿಗೆ ಬೀದಿಗಿಂತ ಮನುಷ್ಯರೇ ಮನೆ. ಬೆಕ್ಕು ಬೇಕಾದರೆ ನಿಮ್ಮ ವಾದಕ್ಕೆ ಸ್ವಲ್ಪ ಹತ್ತಿರ, ಅದಕ್ಕೆ ಜಾಗವೇ ಮುಖ್ಯ.

ಹದಿಮೂರು ಹದಿನಾಲ್ಕು ವರ್ಷದ, ಹೃದಯದ ತೊಂದರೆ ಇರುವ ನಾಯಿ ಆದರೆ ನಾನೇ ಬೇಡ ಅನ್ನುತ್ತೇನೆ. ಎಂಟು ವರ್ಷ, ಆರೋಗ್ಯ ಚೆನ್ನಾಗಿದೆ ಅಂದರೆ ವಯಸ್ಸನ್ನು ಕಾರಣ ಮಾಡಬೇಡಿ. ಹೃದಯ, ರಕ್ತ, ಕಿಡ್ನಿ ಒಮ್ಮೆ ತಪಾಸಣೆ ಮಾಡಿಸಿ, ಡಾಕ್ಟರ್ ಹೇಳಲಿ.

ಎರಡುಬಾಲ:

ಎಲ್ಲರಿಗೂ ಥ್ಯಾಂಕ್ಸ್. ಹಳೇಚಪ್ಪಲಿ ಅವರೇ, ಬೇಸರವಿಲ್ಲ, ನೀವು ಕೇಳಿದ್ದು ನಾವೂ ರಾತ್ರಿ ಕೂತು ಕೇಳಿಕೊಳ್ಳುವ ಪ್ರಶ್ನೆಯೇ. ನಮಗೆ ಬಿಟ್ಟು ಹೋಗಲು ನಂಬುವಂಥ ಮನೆ ಇಲ್ಲ. ಹಾಗಾಗಿ ಕರೆದುಕೊಂಡೇ ಹೋಗುವುದು ಅಂತ ತೀರ್ಮಾನ.

ಈಗ ಎರಡು ತೊಡಕು. ಒಂದು, ಇಬ್ಬರಿಗೂ ಈ ವರ್ಷದ ರೇಬೀಸ್ ಲಸಿಕೆ ಆಗಿ ಕೆಲವು ತಿಂಗಳಾಗಿದೆ, ಅವಧಿ ಇನ್ನೂ ಇದೆ. ಈಗ ಚಿಪ್ ಹಾಕಿಸಿ ನೇರವಾಗಿ ರಕ್ತ ತೆಗೆಸಿಬಿಡಬಹುದಾ? 30 ದಿನ ಉಳಿಯುತ್ತದೆ. ಎರಡು, ಕೆಲಸದ ತಾರೀಕು ಮುಂದೆ ಹಾಕಲು ಆಗುವುದಿಲ್ಲ. ನಾನು ಮೊದಲು ಹೋಗಿ, ಪ್ರಾಣಿಗಳನ್ನು ಆಮೇಲೆ ಕಾರ್ಗೋದಲ್ಲಿ ತರಿಸಿಕೊಂಡರೆ ಹೇಗೆ?

ಸ್ಟೆತಸ್ಕೋಪ್:

ಮೊದಲನೆಯದಕ್ಕೆ: ಆಗುವುದಿಲ್ಲ. ಚಿಪ್‌ಗಿಂತ ಮೊದಲು ಹಾಕಿದ ಲಸಿಕೆ ಅವರ ಕಣ್ಣಿಗೆ ಲಸಿಕೆಯೇ ಅಲ್ಲ. ಆ ಇಂಜೆಕ್ಷನ್ ಈ ನಾಯಿಗೇ ಬಿದ್ದದ್ದು ಅನ್ನುವುದಕ್ಕೆ ಆಧಾರ ಚಿಪ್ ನಂಬರ್ ಒಂದೇ. ಕಾರ್ಡ್‌ನಲ್ಲಿ "ಕಪ್ಪು ನಾಯಿ, ಗಂಡು" ಅಂತ ಬರೆದಿದ್ದರೆ ಅಂಥ ನಾಯಿ ಊರಲ್ಲಿ ಎಷ್ಟಿಲ್ಲ? ಚಿಪ್ ಹಾಕಿಸಿದ ದಿನವೇ ಮತ್ತೊಂದು ಲಸಿಕೆ ಹಾಕಿಸಿ. ಹೋದ ಸಲದ್ದರ ಅವಧಿ ಇದ್ದರೂ ಇನ್ನೊಂದು ಹಾಕಿಸುವುದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಇದರಲ್ಲಿ ಲಾಭವೂ ಇದೆ, ವರ್ಷ ವರ್ಷ ಲಸಿಕೆ ಬಿದ್ದ ಮೈ ಟೈಟರ್‌ನಲ್ಲಿ ಪಾಸಾಗುವ ಸಾಧ್ಯತೆ ಚೆನ್ನಾಗಿರುತ್ತದೆ. ಫೇಲ್ ಆಗುವುದು ಒಂದೇ ಲಸಿಕೆ ಕಂಡ ಮರಿಗಳಲ್ಲಿ ಜಾಸ್ತಿ.

ಚಿಪ್ ಹಾಕಿದ ಮೇಲೆ ರೀಡರ್ ಹಿಡಿದು ನಂಬರ್ ಓದಿಸಿ, ಸ್ಟಿಕ್ಕರ್ ಜೊತೆ ಹೋಲಿಸಿ. ಮತ್ತೆ ರಕ್ತ ತೆಗೆಯುವ ದಿನ ಓದಿಸಿ, ಸರ್ಟಿಫಿಕೇಟ್ ಬರೆಯುವ ದಿನ ಇನ್ನೊಮ್ಮೆ. 15 ಅಂಕಿಯಲ್ಲಿ ಒಂದು ಅಂಕಿ ಅದಲುಬದಲಾದರೂ ಕಾಗದದ ಪ್ರಕಾರ ಅದು ಬೇರೆ ನಾಯಿ.

ಮೀಸೆಬೆಕ್ಕು:

ಎರಡನೆಯದು ನಾನು ಹೇಳುತ್ತೇನೆ, ಇಲ್ಲಿ ಒಂದು ಗುಂಡಿ ಇದೆ. ಯುರೋಪಿನವರ ನಿಯಮದಲ್ಲಿ ಸಾಕುಪ್ರಾಣಿ ಮಾಲೀಕರ ಜೊತೆಯೇ ಬರಬೇಕು, ಅಥವಾ ಮಾಲೀಕರ ಪ್ರಯಾಣಕ್ಕೆ 5 ದಿನ ಹಿಂದೆಮುಂದೆ ಬರಬೇಕು. ಅದಕ್ಕಿಂತ ಅಂತರ ಜಾಸ್ತಿಯಾದರೆ ಅದನ್ನು ವ್ಯಾಪಾರದ ಸಾಗಣೆ ಅಂತ ಲೆಕ್ಕ ಹಾಕುತ್ತಾರೆ. ಆಗ ಸರ್ಟಿಫಿಕೇಟೇ ಬೇರೆ, ತಪಾಸಣೆ ಬೇರೆ, ಖರ್ಚೂ ಬೇರೆ. ನೀವು ಮೊದಲು ಹೋಗಿ ತಿಂಗಳಾದ ಮೇಲೆ ನಾಯಿ ಒಂದೇ ಬಂದರೆ ನೇರವಾಗಿ ಈ ಗುಂಡಿಗೆ ಬೀಳುತ್ತೀರಿ.

ನಿಮಗೆ ಸುಲಭದ ದಾರಿ ಇದೆ. ನೀವು ಹೋಗಿ ಕೆಲಸಕ್ಕೆ ಸೇರಿ, ಮನೆ ನೋಡಿ. ನಿಮ್ಮ ಹೆಂಡತಿ ಇಲ್ಲೇ ಇದ್ದು ಕಾಯುವ ಅವಧಿ ಮುಗಿಸಿ, ಎರಡನ್ನೂ ಕರೆದುಕೊಂಡು ಬರಲಿ. ಚಿಪ್ ನೋಂದಣಿ, ಲಸಿಕೆ ಕಾರ್ಡ್, ಲ್ಯಾಬ್ ಫಾರ್ಮ್, ಸರ್ಟಿಫಿಕೇಟ್ ಎಲ್ಲದರಲ್ಲೂ ಮಾಲೀಕರು ಅಂತ ಅವರ ಹೆಸರೇ ಇರಲಿ, ಮೊದಲ ದಿನದಿಂದಲೇ. ಈಗ ನಿಮ್ಮ ಹೆಸರು ಬರೆಸಿ ಕೊನೆಯ ವಾರದಲ್ಲಿ ಬದಲಿಸುತ್ತಾ ಓಡಾಡಬೇಡಿ.

ಕೊನೆಯ ಸರ್ಟಿಫಿಕೇಟ್ ಬಗ್ಗೆಯೂ ಹೇಳಿಬಿಡುತ್ತೇನೆ. ಅದು ಯುರೋಪಿಯನ್ ಯೂನಿಯನ್ ನಮೂನೆಯಲ್ಲೇ ಇರಬೇಕು, ಸರ್ಕಾರಿ ಪಶುವೈದ್ಯರ ಸಹಿ ಮತ್ತು ಮುದ್ರೆ ಬೇಕು, ಸಹಿ ಬಿದ್ದ ದಿನದಿಂದ 10 ದಿನದೊಳಗೆ ನೀವು ಅಲ್ಲಿನ ಗಡಿ ದಾಟಿರಬೇಕು. ಹಾಗಾಗಿ ಅದನ್ನು ಮೊದಲೇ ಮಾಡಿಸಿ ಬೀರುವಿನಲ್ಲಿ ಇಡುವ ಹಾಗಿಲ್ಲ. ಸಹಿ ಮಾಡುವವರು ರಜೆಯಲ್ಲಿ ಇದ್ದಾರಾ, ಆ ವಾರ ಸರ್ಕಾರಿ ರಜೆ ಇದೆಯಾ ಅಂತ ಟಿಕೆಟ್ ತೆಗೆಯುವ ಮೊದಲೇ ವಿಚಾರಿಸಿ. ಎಲ್ಲಾ ಸರಿ ಮಾಡಿಕೊಂಡು ಇಂಥ ಸಣ್ಣ ವಿಷಯಕ್ಕೆ ವಿಮಾನ ತಪ್ಪಿಸಿಕೊಂಡವರಿದ್ದಾರೆ.

ಕಾಂಗರೂಜೇಬು:

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾಲ್ಕು ತಿಂಗಳಿಗೇ ಗೊಣಗುವವರು ಆಸ್ಟ್ರೇಲಿಯಾ ನಿಯಮ ಒಮ್ಮೆ ಓದಿ. ಅವರ ಒಪ್ಪಿಗೆ ಇಲ್ಲದ ದೇಶದಿಂದ ಪ್ರಾಣಿಯನ್ನು ನೇರವಾಗಿ ಒಳಗೆ ಬಿಡುವುದೇ ಇಲ್ಲ. ಮೊದಲು ಒಪ್ಪಿಗೆ ಇರುವ ದೇಶಕ್ಕೆ ಹೋಗಿ, ಅಲ್ಲಿಂದ ಬರಬೇಕು. ಬಂದ ಮೇಲೆ ಮೆಲ್ಬರ್ನ್ ಹತ್ತಿರದ ಮಿಕಲ್‌ಹ್ಯಾಮ್‌ನಲ್ಲಿರುವ ಸರ್ಕಾರಿ ಕ್ವಾರಂಟೈನ್‌ನಲ್ಲಿ ಕನಿಷ್ಠ 10 ದಿನ. 2015ರಲ್ಲಿ ನಟ ಜಾನಿ ಡೆಪ್ ತಮ್ಮ ಎರಡು ಪುಟ್ಟ ಯಾರ್ಕ್‌ಶೈರ್ ಟೆರಿಯರ್‌ಗಳನ್ನು, ಪಿಸ್ಟಲ್ ಮತ್ತು ಬೂ, ಖಾಸಗಿ ವಿಮಾನದಲ್ಲಿ ಹೇಳದೆ ಕೇಳದೆ ತಂದಿದ್ದರು. ಗೊತ್ತಾದ ಮೇಲೆ ಕೃಷಿ ಮಂತ್ರಿ ಬಾರ್ನಬಿ ಜಾಯ್ಸ್ ಗಡುವು ಕೊಟ್ಟು, ವಾಪಸ್ ಕಳಿಸಿ ಇಲ್ಲವಾದರೆ ಕೊಲ್ಲಬೇಕಾಗುತ್ತದೆ ಅಂದೇಬಿಟ್ಟರು. ನಾಯಿಗಳು ವಿಮಾನದಲ್ಲೇ ವಾಪಸ್ ಹೋದವು, ಕೇಸು ಮುಂದಿನ ವರ್ಷದವರೆಗೂ ನಡೆಯಿತು. ಅಷ್ಟು ದೊಡ್ಡ ನಟನಿಗೇ ಹೀಗಾದರೆ ನಮ್ಮ ನಿಮ್ಮ ಪಾಡೇನು?

ಜಪಾನ್ ಕೂಡ ಹೀಗೇ. ಚಿಪ್ ಆದ ಮೇಲೆ ಎರಡು ರೇಬೀಸ್ ಲಸಿಕೆ, ಟೈಟರ್, ರಕ್ತ ತೆಗೆದ ದಿನದಿಂದ 180 ದಿನ, ಬರುವ ಕನಿಷ್ಠ 40 ದಿನ ಮೊದಲು ಅವರಿಗೆ ತಿಳಿಸಬೇಕು. ಆ 180 ದಿನ ನಿಮ್ಮ ಮನೆಯಲ್ಲಿ ಕಳೆಯದಿದ್ದರೆ ಉಳಿದದ್ದನ್ನು ಅವರ ಕ್ವಾರಂಟೈನ್‌ನಲ್ಲಿ ಕಳೆಯಬೇಕು. ಎರಡುಬಾಲ ಅವರಿಗೆ ಯಾರೋ ಹೇಳಿದ "ಆರು ತಿಂಗಳು" ಇದೇ ಇರಬೇಕು.

ಇಂಗ್ಲೆಂಡ್ ಮೂಲಕ ಅಗ್ಗದ ಟಿಕೆಟ್ ಸಿಕ್ಕಿತು ಅಂತ ಖುಷಿಪಡಬೇಡಿ. ಅಲ್ಲಿಗೆ ಹೋಗುವ ವಿಮಾನದ ಕ್ಯಾಬಿನ್‌ನಲ್ಲಿ ಸಹಾಯಕ ನಾಯಿಗಳನ್ನು ಬಿಟ್ಟು ಬೇರೆ ಸಾಕುಪ್ರಾಣಿ ತರುವ ಹಾಗಿಲ್ಲ, ಕಾರ್ಗೋದಲ್ಲೇ ಬರಬೇಕು. ನಾಯಿಗಾದರೆ ತಲುಪುವ 24ರಿಂದ 120 ಗಂಟೆ ಮೊದಲು ಲಾಡಿಹುಳುವಿನ ಔಷಧಿಯನ್ನೂ ಡಾಕ್ಟರ ಕೈಯಲ್ಲೇ ಕೊಡಿಸಿ ಬರೆಸಿರಬೇಕು.

ಹಿಮಗಾಲ:

ನಾನು ಜರ್ಮನಿಯಲ್ಲೇ ಇದ್ದೇನೆ, ನಾಯಿಯ ಜೊತೆ. ಮೇಲೆ ಯಾರೂ ಹೇಳದ ವಿಷಯ ತಳಿಯದ್ದು. ಪಿಟ್‌ಬುಲ್ ಟೆರಿಯರ್, ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್, ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್, ಬುಲ್ ಟೆರಿಯರ್, ಈ ನಾಲ್ಕು ಮತ್ತು ಇವುಗಳ ಮಿಶ್ರ ತಳಿಗಳನ್ನು ಜರ್ಮನಿಗೆ ತರುವುದಕ್ಕೆ ನಿಷೇಧ ಇದೆ. ಇದರ ಮೇಲೆ ಒಂದೊಂದು ರಾಜ್ಯದ್ದು ಒಂದೊಂದು ಪಟ್ಟಿ. ನಿಮ್ಮ ನಾಯಿಯ ಅಪ್ಪ ಯಾರು ಅಂತ ಗೊತ್ತಿಲ್ಲ ಅಂದಿರಿ, ನಗು ಬಂತು, ಆದರೆ ಅಗಲ ತಲೆ, ಗಟ್ಟಿ ದವಡೆ ಇರುವ ನಾಯಿಯಾದರೆ ಇದು ನಗುವ ವಿಷಯವಲ್ಲ. ಕಾಗದದಲ್ಲಿ ತಳಿಯ ಜಾಗ ಖಾಲಿ ಬಿಡಬೇಡಿ. ಡಾಕ್ಟರ ಹತ್ತಿರ ನೋಡಿಸಿ, ಏನು ಕಾಣುತ್ತದೋ ಅದನ್ನು ಸರಿಯಾಗಿ ಬರೆಸಿ, ಎಲ್ಲಾ ಕಾಗದದಲ್ಲೂ ಒಂದೇ ರೀತಿ ಇರಲಿ.

ಕ್ರೇಟ್ ಈಗಲೇ ತನ್ನಿ. ವಿಮಾನ ಕಂಪನಿಗಳು ತಮ್ಮ ಅಂತರರಾಷ್ಟ್ರೀಯ ಸಂಘವಾದ ಐಎಟಿಎಯ ನಿಯಮ ನೋಡುತ್ತವೆ. ಅಳತೆ ಹೀಗೆ: ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳೆದು, ಅದಕ್ಕೆ ಮುಂಗಾಲಿನ ಮೊಣಕೈ ಎತ್ತರದ ಅರ್ಧ ಸೇರಿಸಿದರೆ ಉದ್ದ. ಭುಜದ ಅಗಲದ ಎರಡರಷ್ಟು ಅಗಲ. ನಿಂತಾಗ ತಲೆ ಅಥವಾ ಕಿವಿ, ಯಾವುದು ಮೇಲಿದೆಯೋ ಅಲ್ಲಿವರೆಗೆ ಎತ್ತರ, ಹಾಸಿಗೆಯ ದಪ್ಪ ಅದರ ಮೇಲೆ. ಉದಾಹರಣೆಗೆ ನಾಯಿ 70 ಸೆಂಟಿಮೀಟರ್ ಉದ್ದ, ಮೊಣಕೈ 36, ಭುಜ 24, ಎತ್ತರ 62 ಇದ್ದರೆ ಕ್ರೇಟ್ ಒಳಗೆ 88 ಉದ್ದ, 48 ಅಗಲ, 62ಕ್ಕಿಂತ ಜಾಸ್ತಿ ಎತ್ತರ ಬೇಕು. ಮೇಲಿನ ಕೆಳಗಿನ ಭಾಗ ಸೇರಿಸಲು ಪ್ಲಾಸ್ಟಿಕ್ ಕ್ಲಿಪ್ ಬದಲು ಲೋಹದ ನಟ್ಟು ಬೋಲ್ಟು ಇರಲಿ, ನಾಲ್ಕೂ ಕಡೆ ಗಾಳಿಗೆ ಕಿಂಡಿ ಇರಲಿ, ಚಕ್ರ ಇದ್ದರೆ ತೆಗೆದುಬಿಡಿ. ನಮ್ಮ ನಾಯಿಯ ಕ್ರೇಟನ್ನು ಕೌಂಟರ್‌ನಲ್ಲಿ ಟೇಪ್ ಹಿಡಿದು ಅಳೆದರು, ನನ್ನ ಸೂಟ್‌ಕೇಸನ್ನು ತಿರುಗಿಯೂ ನೋಡಲಿಲ್ಲ.

ತಂದ ದಿನವೇ ನಾಯಿಯನ್ನು ಒಳಗೆ ತಳ್ಳಬೇಡಿ. ಬಾಗಿಲು ಬಿಚ್ಚಿಟ್ಟು ಹಾಲ್‌ನಲ್ಲಿ ಇಡಿ. ಊಟ ಅದರೊಳಗೇ ಇಡಿ. ತಾನಾಗಿ ಹೋಗಿ ಮಲಗುವುದನ್ನು ಕಲಿತ ಮೇಲೆ ಬಾಗಿಲು ಹಾಕಿ, ಮೊದಲು ಐದು ನಿಮಿಷ, ಆಮೇಲೆ ಒಂದು ಗಂಟೆ, ಕೊನೆಗೆ ಇಡೀ ರಾತ್ರಿ. ನಿಮಗೆ ಕಾಯುವ ಮೂರು ತಿಂಗಳು ಹೇಗೂ ಇದೆ. ಆ ಸಮಯ ಇದಕ್ಕೆ ಬಳಸಿಕೊಂಡರೆ ಪ್ರಯಾಣದ ದಿನ ಅದಕ್ಕೆ ಕ್ರೇಟ್ ಹೊಸದಾಗಿರುವುದಿಲ್ಲ, ಸುತ್ತಲಿನ ಸದ್ದು ಮಾತ್ರ ಹೊಸದು. ನನ್ನ ಪ್ರಕಾರ ಎಲ್ಲಾ ತಯಾರಿಯಲ್ಲಿ ನಾಯಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಇದೊಂದೇ. ಉಳಿದದ್ದೆಲ್ಲ ಅಧಿಕಾರಿಗಳಿಗೆ.

ಬಾಡಿಗೆ ಮನೆ: ನಾಯಿ ಬೆಕ್ಕು ಬೇಡವೇ ಬೇಡ ಅಂತ ಸಾರಾಸಗಟಾಗಿ ಒಪ್ಪಂದದಲ್ಲಿ ಬರೆಯುವುದು ನಡೆಯುವುದಿಲ್ಲ ಅಂತ ಇಲ್ಲಿನ ಫೆಡರಲ್ ನ್ಯಾಯಾಲಯ 2013ರಲ್ಲೇ ಹೇಳಿದೆ. ಒಂದೊಂದು ಸಂದರ್ಭವನ್ನೂ ಬೇರೆಬೇರೆಯಾಗಿ ತೂಗಿ ನೋಡಬೇಕಂತೆ. ಕೇಳಲು ಚೆನ್ನಾಗಿದೆ. ನಿಜದಲ್ಲಿ ಮನೆ ಮಾಲೀಕರು ನಾಯಿ ಇಲ್ಲದ ಇನ್ನೊಬ್ಬ ಬಾಡಿಗೆದಾರರನ್ನು ಆರಿಸಿಕೊಳ್ಳುತ್ತಾರೆ, ಅಷ್ಟೇ. ಆದ್ದರಿಂದ ನೀವು ಮೊದಲು ಬರುತ್ತಿರುವುದು ಒಳ್ಳೆಯದೇ. ನಾಯಿ ಇದೆ ಅಂತ ಮುಚ್ಚಿಡದೆ ಹೇಳಿ, ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಬಂದ ಮೇಲೆ ಪುರಸಭೆಯಲ್ಲಿ ನಾಯಿಯನ್ನು ನೋಂದಾಯಿಸಿ ನಾಯಿ ತೆರಿಗೆ ಕಟ್ಟಬೇಕು. ಬೆಕ್ಕಿಗೆ ತೆರಿಗೆ ಇಲ್ಲ, ಬೆಕ್ಕುಗಳು ಎಲ್ಲಾ ಕಡೆ ಬುದ್ಧಿವಂತರೇ. ಕೆಲವು ರಾಜ್ಯಗಳಲ್ಲಿ ನಾಯಿಯಿಂದ ಬೇರೆಯವರಿಗೆ ಆಗುವ ಹಾನಿಗೆ ವಿಮೆ ಮಾಡಿಸುವುದು ಕಡ್ಡಾಯ. ಕಡ್ಡಾಯ ಇಲ್ಲದ ಕಡೆಯೂ ಮಾಡಿಸಿ.

ಎರಡುಬಾಲ:

ಹೆಂಡತಿಗೆ ಎಲ್ಲಾ ಓದಿ ಹೇಳಿದೆ. ಅವಳು ಹಿಂದೆ ಬರುವುದು ಅಂತ ಒಪ್ಪಿದಳು, "ಹಾಗಾದರೆ ಮಾಲೀಕಳು ನಾನು ಅಂತ ಈಗ ಸರ್ಕಾರವೂ ಒಪ್ಪಿತು" ಅಂದಳು. ಚಿಪ್ ಮತ್ತು ಲಸಿಕೆಗೆ ಇದೇ ವಾರ ಹೋಗುತ್ತಿದ್ದೇವೆ. ಏಜೆಂಟ್ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ. ಒಬ್ಬಳೇ ನಾಯಿ ಬೆಕ್ಕು ಎರಡನ್ನೂ ನಿಭಾಯಿಸಬೇಕಲ್ಲ, ಅದಕ್ಕೆ ಕೇಳುತ್ತಿದ್ದೇನೆ.

ಹಿಮಗಾಲ:

ಬೆಕ್ಕು ಕ್ಯಾಬಿನ್‌ನಲ್ಲಿ, ನಾಯಿ ಅದೇ ವಿಮಾನದ ಕೆಳಗೆ ಅಂದರೆ ಏಜೆಂಟ್ ಇಲ್ಲದೆಯೂ ಆಗುತ್ತದೆ. ಕಾರ್ಗೋ ಆಗಿಯೇ ಕಳಿಸಬೇಕು ಅಂತ ವಿಮಾನ ಕಂಪನಿ ಹೇಳಿದರೆ, ಅಥವಾ ಸರ್ಕಾರಿ ಕಚೇರಿ ಓಡಾಟಕ್ಕೆ ಸಮಯ ಇಲ್ಲದಿದ್ದರೆ ಏಜೆಂಟ್ ಹಿಡಿಯಿರಿ. ಇಂಥ ಸಾಗಣೆದಾರರದ್ದೇ ಐಪಿಎಟಿಎ ಅಂತ ಒಂದು ಅಂತರರಾಷ್ಟ್ರೀಯ ಸಂಘ ಇದೆ, ಸದಸ್ಯರ ಪಟ್ಟಿ ಅವರ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಈ ವ್ಯವಹಾರದಲ್ಲಿ ಮೋಸವೂ ಇದೆ. ಮೊದಲು ಕಡಿಮೆ ರೇಟು ಹೇಳಿ, ಪ್ರಾಣಿ ಎಲ್ಲೋ ಸಿಕ್ಕಿಕೊಂಡಿದೆ, ವಿಶೇಷ ಕ್ರೇಟ್‌ಗೆ ದುಡ್ಡು ಕಳಿಸಿ, ವಿಮೆಗೆ ಕಳಿಸಿ ಅಂತ ಎಳೆಯುತ್ತಾ ಹೋಗುತ್ತಾರೆ. ಏನೇನು ಸೇರಿದೆ ಅಂತ ಬರಹದಲ್ಲಿ ಕೊಡದವರಿಗೆ ಮುಂಗಡ ಕೊಡಬೇಡಿ. ಏಜೆಂಟ್ ಇದ್ದರೂ ಕಾಗದದ ತಾರೀಕುಗಳನ್ನು ನೀವೇ ನೋಡಿ. ನನಗೆ ಗೊತ್ತಿರುವವರೊಬ್ಬರ ಏಜೆಂಟ್ ಟೈಟರ್ ತಾರೀಕನ್ನೇ ತಪ್ಪು ಬರೆದಿದ್ದ, ಅವರ ಹೆಂಡತಿ ಕಾರಿನಲ್ಲಿ ಕೂತು ಓದುವಾಗ ಸಿಕ್ಕಿತು.

ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಅಲ್ಲಿ ಪ್ರಾಣಿಗಳಿಗೆಂದೇ ದೊಡ್ಡ ವ್ಯವಸ್ಥೆ ಇದೆ, ಪಶುವೈದ್ಯರೂ ಇರುತ್ತಾರೆ. ಇಳಿದ ಮೇಲೆ, ಹೇಳಿಕೊಳ್ಳಲು ಏನೂ ಇಲ್ಲದವರು ಹೋಗುವ ಹಸಿರು ದಾರಿಯಲ್ಲಿ ಹೊರಗೆ ನಡೆದುಬಿಡಬೇಡಿ. ಕಸ್ಟಮ್ಸ್‌ನ ಕೆಂಪು ದಾರಿಗೆ ಹೋಗಿ ಪ್ರಾಣಿ ಇದೆ ಅಂತ ಹೇಳಿ, ಚಿಪ್ ಓದಿ ಕಾಗದ ನೋಡಿ ಬಿಡುತ್ತಾರೆ.

ಎರಡುಬಾಲ:

ಕೊನೆಯ ಪ್ರಶ್ನೆ, ಹೆಂಡತಿಯದ್ದು. ಅಷ್ಟು ಹೊತ್ತು ಊಟ, ನೀರು, ಮೂತ್ರ ಏನು ಮಾಡುವುದು? ಬೆಕ್ಕಿನ ಬ್ಯಾಗ್‌ನಲ್ಲಿ ಮರಳಿನ ಟ್ರೇ ಇಡಬೇಕಾ?

ಸ್ಟೆತಸ್ಕೋಪ್:

ಟ್ರೇ ಬೇಡ, ಚೆಲ್ಲಿ ರಂಪ ಆಗುತ್ತದೆ. ಹೀರಿಕೊಳ್ಳುವ ಪ್ಯಾಡ್ ಎರಡು ಪದರ ಹಾಸಿ, ಕೈಚೀಲದಲ್ಲಿ ಇನ್ನೆರಡು ಇಟ್ಟುಕೊಳ್ಳಿ. ಹೆಚ್ಚಿನ ಬೆಕ್ಕುಗಳು ತಲುಪುವವರೆಗೂ ತಡೆದುಕೊಳ್ಳುತ್ತವೆ. ಊಟ ಹೊರಡುವ ನಾಲ್ಕರಿಂದ ಆರು ಗಂಟೆ ಮೊದಲು, ಸ್ವಲ್ಪವೇ. ನೀರನ್ನು ಮಾತ್ರ ನಿಲ್ಲಿಸಬೇಡಿ. ನಾಯಿಯ ಕ್ರೇಟ್ ಬಾಗಿಲಿಗೆ ಸಿಕ್ಕಿಸುವ ಬಟ್ಟಲಲ್ಲಿ ಹಿಂದಿನ ರಾತ್ರಿಯೇ ನೀರು ಹಾಕಿ ಫ್ರೀಜರ್‌ನಲ್ಲಿ ಇಡಿ. ಹತ್ತಿಸುವಾಗ ಚೆಲ್ಲುವುದಿಲ್ಲ, ಆಮೇಲೆ ನಿಧಾನಕ್ಕೆ ಕರಗುತ್ತದೆ. ನಾಯಿಯನ್ನು ಕೌಂಟರ್‌ಗೆ ಒಪ್ಪಿಸುವ ಮೊದಲು ಚೆನ್ನಾಗಿ ನಡೆಸಿ.

ತಲುಪಿದ ಮೇಲೆ ಬೆಕ್ಕಿಗೆ ಒಂದೇ ಕೋಣೆ ಕೊಡಿ. ಟ್ರೇ, ನೀರು, ಅಡಗಿಕೊಳ್ಳಲು ಒಂದು ರಟ್ಟಿನ ಡಬ್ಬ, ಮತ್ತೆ ತೊಳೆಯದ ಹಳೆ ಹೊದಿಕೆ. ಕಿಟಕಿ ಮುಚ್ಚಿರಲಿ. ಮಂಚದ ಕೆಳಗಿಂದ ಎಳೆಯಲು ಹೋಗಬೇಡಿ. ಆದರೆ ಒಂದು ಎರಡು ದಿನವಾದರೂ ಏನೂ ತಿನ್ನದೆ ಇದ್ದರೆ ಅಲ್ಲಿನ ಡಾಕ್ಟರಿಗೆ ತೋರಿಸಿ. ಬೆಕ್ಕು ಉಪವಾಸ ಇದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ ಆಗುತ್ತದೆ. ನಾಯಿ ಒಂದು ದಿನ ತಿನ್ನದಿದ್ದರೆ ಅಷ್ಟು ಗಾಬರಿ ಬೇಡ.